ಮೊದಲ ಬಟ್ಟಲಿನ ಹೆಸರು

"ಅಲ್ಬರ್ಕಾ," ಎಂದು ತಬಾವ ಮೊದಲ ಬಟ್ಟಲನ್ನು ಚೀಲದ ಬಾಯಿಗೆ ಸುರಿದಳು. ಎರಡನೆಯದಕ್ಕೆ "ಎರಡು" ಎಂದಳು, ಮೂರನೆಯದಕ್ಕೆ "ಮೂರು" ಎಂದಳು. ಗಿದಾನ್ ಕೂಕದ ಸಂತೆಯಲ್ಲಿ ಕಾಳು ಅಳೆಯುವ ಯಾವ ಹೆಂಗಸೂ ಮೊದಲ ಬಟ್ಟಲಿಗೆ "ಒಂದು" ಎನ್ನುವುದಿಲ್ಲ. ಒಂದು ಎಂದರೆ ಒಂದೇ ಆಗಿ ಉಳಿದುಬಿಟ್ಟೀತು ಎಂಬ ಹೆದರಿಕೆ. ಆ ಬಟ್ಟಲಿನ ಹೆಸರೇ ಅಲ್ಬರ್ಕಾ. ಸುರಿದಷ್ಟೂ ಮುಗಿಯದಿರಲಿ, ಉಂಡಷ್ಟೂ ಉಳಿಯಲಿ ಎಂದು ಅದರ ಅರ್ಥ. ಹೀಗೆ ಬಿಡಿಸಿ ಹೇಳಹೊರಟರೆ ಅಲ್ಲಿಯ ಜನ ನಕ್ಕಾರು. ಹಸು ಈದರೆ ಅಲ್ಬರ್ಕಾ, ಕಣಜ ತುಂಬಿದರೆ ಅಲ್ಬರ್ಕಾ, ಉಂಡು ಕೈತೊಳೆದವನು ಮನೆಯವರಿಗೆ ಹೇಳುವುದೂ ಅದನ್ನೇ. ನೀವು ಕೇಳಿದ ಬೆಲೆ ವ್ಯಾಪಾರಿಗೆ ಹಿಡಿಸದಿದ್ದರೆ ಅವನು ಆಗುವುದಿಲ್ಲ ಹೋಗು ಎಂದು ಮುಖ ಮುರಿಯುವುದಿಲ್ಲ. ಅಲ್ಬರ್ಕಾ ಎಂದು ನಗುತ್ತಾನೆ, ನೀವು ತಿಳಿದುಕೊಂಡು ಮುಂದಿನ ಅಂಗಡಿಗೆ ನಡೆಯಬೇಕು. ತಬಾವಳ ಬಾಯಿಂದ ಆ ಮಾತು ದಿನಕ್ಕೆ ಎಷ್ಟು ಸಲ ಬೀಳುತ್ತಿತ್ತೋ ಲೆಕ್ಕವಿಟ್ಟವರಿಲ್ಲ. ಅವಳ ಬಾಯಿ ಒಳ್ಳೆಯದು ಎಂದು ಜನ ದೂರದ ಹಳ್ಳಿಗಳಿಂದ ಹುಡುಕಿಕೊಂಡು ಬಂದು ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು.

ಹೊಸ ಸಜ್ಜೆ ಬಂದ ದಿನಗಳು ಅವು. ಅಲ್ಹಾಜಿ ಗಂಬೊನ ಕಾಳಿನ ಅಂಗಡಿಯ ಮುಂದೆ, ಅವನದೇ ಬೇವಿನ ಮರದ ನೆರಳಲ್ಲಿ, ಅಳೆಯುವ ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು. ಒಬ್ಬೊಬ್ಬಳ ಮುಂದೂ ಗೋಣಿತಟ್ಟಿನ ಮೇಲೆ ಅವನ ಸಜ್ಜೆಯ ಗುಡ್ಡೆ. ಕತ್ತೆಗಾಡಿಗಳು ಬಂದು ನಿಂತು ಕಿರುಚಾಟವೆಬ್ಬಿಸಿದ್ದವು. ಮರಾದಿ ಪಟ್ಟಣಕ್ಕೆ ಹೋಗುವ ಲಾರಿಯ ಮೇಲೆ ಚೀಲ ಏರಿಸುವವರು ಒಬ್ಬರ ಅಪ್ಪನನ್ನೊಬ್ಬರು ಬಯ್ಯುತ್ತ ಕೆಲಸ ಮಾಡುತ್ತಿದ್ದರು. ಗಾಳಿಯ ತುಂಬ ಹೊಟ್ಟು. ತಬಾವ ತಲೆಯ ಬಟ್ಟೆಯ ಅಂಚಿನಿಂದ ಮೂಗೊರೆಸಿಕೊಂಡು ಮತ್ತೊಂದು ಬಟ್ಟಲು ತುಂಬಿದಳು. ಬಟ್ಟಲಿನ ಅಂಚಿನ ಮೇಲೆ ಕಾಳನ್ನು ಗೋಪುರ ನಿಲ್ಲಿಸುವುದರಲ್ಲಿ ಅವಳದು ಎತ್ತಿದ ಕೈ. ಇನ್ನೊಂದು ಕಾಳು ಬಿದ್ದರೆ ಜಾರೀತು ಎನ್ನುವಷ್ಟು ಏರಿಸುತ್ತಿದ್ದಳು. ನೋಡಿದವರ ಹೊಟ್ಟೆ ತಣ್ಣಗಾಗುತ್ತಿತ್ತು.

"ಏ ತಬಾವ," ಪಕ್ಕದ ಚಾಪೆಯ ಲಾರೆ ಬಾಯಿ ಅಲ್ಲಾಡಿಸದೆ ಹೇಳಿದಳು. "ಗಬಕ್ಕನ ತಲಿ ಎತ್ತಬ್ಯಾಡ. ನಿನ್ನ ಸಾಲಿನಾಗ ಕಡೀಕ ನಿಂತಾಕಿನ್ನ ಸುಮ್ಮ ಕಣ್ಣಂಚಿನಾಗ ನೋಡು."

"ಯಾರಾಕಿ?"

"ನೋಡು ಅಂದ್ನೆಲ್ಲ. ನನ್ನ ಬಾಯಿಂದ ಯಾಕ ಹೇಳಸ್ತಿ? ನೀ ಹೆಸರು ಹೇಳಲಾರದಾಕಿ, ಮತ್ತ್ಯಾರು?"

ತಬಾವಳ ಕೈ ಅರ್ಧಕ್ಕೆ ನಿಂತಿತು. ಚೊಚ್ಚಲ ಮಗುವಿನ ಹೆಸರನ್ನು ತಾಯಿ ಬಾಯಿಬಿಟ್ಟು ಆಡುವುದು ಆ ಕಡೆ ನಾಚಿಕೆಗೇಡು. ನಾಲ್ಕು ಜನರ ಎದುರು ಎತ್ತಿ ಮುದ್ದಿಸುವಂತಿಲ್ಲ, ನನ್ನ ಮಗಳು ಎನ್ನುವಂತಿಲ್ಲ. ಹುಡುಗಿ, ಏ ಇವಳೇ, ಅಷ್ಟೇ. ತಬಾವ ಆ ಹುಡುಗಿಯನ್ನು ಹೆತ್ತ ದಿನದಿಂದ ಹಾಗೇ ನಡೆಸಿಕೊಂಡು ಬಂದಿದ್ದಳು.

ಕಣ್ಣಿಗೆ ಮೊದಲು ಬಿದ್ದದ್ದು ಹೊಟ್ಟೆ. ದಿನ ತುಂಬುತ್ತ ಬಂದ ಹೊಟ್ಟೆ; ಅದರ ಮೇಲೆ ಬಿಗಿದು ಕಟ್ಟಿದ ನೀಲಿ ಬಟ್ಟೆ. ಆಮೇಲೆ ಮುಖ. ಆ ಹುಡುಗಿ ಬಲ್ಕಿ ಸೊರಗಿದ್ದಳು, ಕಪ್ಪಿಟ್ಟಿದ್ದಳು. ಕಾಲ ಬುಡದಲ್ಲಿ ಅರ್ಧ ತುಂಬಿದ ಒಂದು ಚೀಲ. ಅವಳು ಈ ಸಂತೆಗೆ ಕಾಲಿಟ್ಟು ವರ್ಷಗಳೇ ಆಗಿದ್ದವು.

"ಈ ಸಲ ಬಸಿರು ನಿಂತದ ನೋಡು," ಎಂದಳು ಲಾರೆ. "ಅಲ್ಲಾ ಕಾಪಾಡಲಿ."

ತಬಾವ ಕೈಯಲ್ಲಿದ್ದ ಬಟ್ಟಲನ್ನು ಚೀಲಕ್ಕೆ ಸುರಿದಳು. ಎದುರಿಗಿದ್ದ ಗಿರಾಕಿ, "ಅಕ್ಕಾ, ಎಷ್ಟಾತು? ನಾಲ್ಕೋ ಐದೋ?" ಎಂದು ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಕಾಳು ಅಳೆಯಲು ಕೂತ ಮೇಲೆ ತಬಾವ ಎಣಿಕೆ ತಪ್ಪಿದ್ದು ಅದೇ ಮೊದಲು. ಚೀಲವನ್ನು ಗುಡ್ಡೆಗೆ ಕೊಡವಿ ಮತ್ತೆ ಅಲ್ಬರ್ಕಾದಿಂದ ಶುರುಮಾಡಿದಳು.

ಆದದ್ದು ಇಷ್ಟು. ಗಂಡ ಸತ್ತ ವರ್ಷ ತಬಾವಳಿಗೆ ದಿಕ್ಕಿರಲಿಲ್ಲ. ಅಲ್ಹಾಜಿ ಗಂಬೊ ಕರೆದು ತನ್ನ ಬೇವಿನ ಕೆಳಗೆ ಜಾಗ ಕೊಟ್ಟ. ಆ ನೆರಳಲ್ಲಿ ಕೂತವಳಿಗೆ ದಿನದ ಕೊನೆಗೆ ಚಾಪೆಯ ಮೇಲೆ ಚೆಲ್ಲಿ ಉಳಿದ ಕಾಳು ಸಿಗುತ್ತದೆ, ಅಳೆಸಿಕೊಂಡವರು ಹಾಕುವ ಹಿಡಿಹಿಡಿ ಕಾಳು ಸಿಗುತ್ತದೆ, ಒಲೆ ಆರುವುದಿಲ್ಲ. ಒಂದು ಸುಗ್ಗಿಯಲ್ಲಿ ಅವಳ ಬಿಳಿ ಬಣ್ಣದ ತಗಡಿನ ಬಟ್ಟಲಿನ ಬುಡ ಸೀಳು ಬಿಟ್ಟಿತು. ಗಂಬೊ ತಾನೇ ಅದನ್ನು ಕಮ್ಮಾರನ ಹತ್ತಿರ ಕಳಿಸಿ ಸರಿಮಾಡಿಸಿ ತರಿಸಿದ. ಬಂದ ಬಟ್ಟಲನ್ನು ಮೊದಲ ಸಲ ಕಾಳಿನಲ್ಲಿ ಅದ್ದಿದಾಗಲೇ ತಬಾವಳ ಕೈಗೆ ತಿಳಿಯಿತು. ಕಾಳು ಬೇಗ ಅಂಚಿಗೆ ಬಂತು, ಗೋಪುರ ಬೇಗ ಎದ್ದಿತು. ತಳವನ್ನು ಹೊರಗಿನಿಂದ ಒಳಕ್ಕೆ ಬಡಿದಿದ್ದರು. ಬುಡದ ಸುತ್ತಲಿನ ಬಳೆಯಂಥ ಅಂಚು ಹಾಗೇ ಇದ್ದುದರಿಂದ ನೆಲದ ಮೇಲಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಗಂಬೊ ಬಾಗಿಲಲ್ಲಿ ನಿಂತು, ಅಲ್ಲಿಯವರು ಅಡಿಕೆಯ ಹಾಗೆ ಅಗಿಯುವ ಕೋಲಾ ಕಾಯಿ ಸುಲಿಯುತ್ತಿದ್ದ.

"ಚಲೋ ಮಾಡ್ಯಾನಲ್ಲ?" ಎಂದು ಕೇಳಿದ್ದ.

"ಚಲೋ ಮಾಡ್ಯಾನ," ಎಂದಿದ್ದಳು ತಬಾವ. ಅಲ್ಲಿಗೆ ಆ ಮಾತು ಮುಗಿಯಿತು. ಅವಳು ಮೊದಲಿನ ಹಾಗೇ ಗೋಪುರ ನಿಲ್ಲಿಸಿದಳು, ಅಲ್ಬರ್ಕಾ ಎಂದಳು, ಜನ ಮೊದಲಿನ ಹಾಗೇ ಖುಷಿಯಾಗಿ ಹೊತ್ತುಕೊಂಡು ಹೋದರು.

ಬಲ್ಕಿ ಆಗಿನ್ನೂ ಮದುವೆಯಾಗದ ಹುಡುಗಿ, ತಾಯಿಯ ಪಕ್ಕ ಕೂತು ಅಳತೆ ಕಲಿಯುತ್ತಿದ್ದಳು. ತಾಯಿಯ ಕೈಯೇ ಮಗಳಿಗೂ ಬಂದಿತ್ತು. ಒಂದು ದಿನ ತಾಯಿ ನಮಾಜಿಗೆ ಎದ್ದಾಗ ಆ ಬಟ್ಟಲು ಅವಳ ಕೈಗೆ ಬಂತು. ತಬಾವ ತಿರುಗಿ ಬರುವಷ್ಟರಲ್ಲಿ ಹುಡುಗಿ ಒಬ್ಬ ಮುದುಕಿಯ ಚೀಲ ಹಿಡಿದುಕೊಂಡು, "ಅಜ್ಜಿ, ಇದು ಬರೋಬ್ಬರಿ ಇಲ್ಲ, ಇದರ ತಳ ಮ್ಯಾಲೆ ಬಂದದ," ಎಂದು ಸಂತೆಗೆ ಕೇಳುವ ಹಾಗೆ ಹೇಳುತ್ತಿದ್ದಳು. ಜನ ಸೇರಿದ್ದರು. ಗಂಬೊ ಬಾಗಿಲಿಗೆ ಬಂದಿದ್ದ. ಅವನು ಬಾಯಿ ತೆರೆಯಲಿಲ್ಲ, ತಬಾವಳ ಮುಖವನ್ನಷ್ಟೇ ನೋಡಿದ. ಅವಳಿಗೆ ಒಲೆ ಕಂಡಿತು, ಮನೆಯಲ್ಲಿದ್ದ ಸಣ್ಣ ಮಕ್ಕಳು ಕಂಡರು. ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

"ಈಕಿ ಮಾತು ಕೇಳಬ್ಯಾಡ್ರಿ. ಅಲ್ಬರ್ಕಾ ಇಲ್ಲದಾಕಿ ಈಕಿ. ನನ್ನ ಹೊಟ್ಯಾಗಿಂದ ಬರೂ ಮುಂದ ಅದನ್ನ ಬಿಟ್ಟ ಬಂದಾಳ."

ಆ ಊರಲ್ಲಿ ಕಳ್ಳಿ ಎಂದು ಬಯ್ಯಬಹುದು, ಕತ್ತೆ ಎನ್ನಬಹುದು, ಅದಕ್ಕಿಂತ ಕೆಟ್ಟದ್ದನ್ನೂ ಅನ್ನಬಹುದು; ಮಾರನೆಯ ಬೆಳಿಗ್ಗೆ ಒಂದೇ ಸೋರೆಬುರುಡೆಯಲ್ಲಿ ಸಜ್ಜೆ ಹಿಟ್ಟಿನ ಫುರಾ ಕುಡಿಯುತ್ತಾರೆ. ಆದರೆ ಹೆತ್ತ ಬಾಯಿಂದ ಈ ಮಾತು ಬಿದ್ದರೆ ಅದು ಬಯ್ಗುಳವಲ್ಲ, ಶಾಪ. ಯಾರೋ ಒಬ್ಬರು "ಅಲ್ಲಾ!" ಎಂದರು. ಆಮೇಲೆ ಬಟ್ಟಲನ್ನು ಯಾರೂ ನೋಡಲಿಲ್ಲ; ಎಲ್ಲರೂ ಹುಡುಗಿಯನ್ನು ನೋಡಿದರು. ತಾಯಿಯೇ ಹೀಗೆಂದ ಮೇಲೆ ಅವಳ ಮಾತನ್ನು ಯಾರು ನಂಬುತ್ತಾರೆ? ಬಲ್ಕಿ ಲಂಗದ ಮೇಲಿನ ಹೊಟ್ಟು ಕೊಡವಿಕೊಂಡು ಎದ್ದು ನಡೆದಳು. ಸೋದರಮಾವನ ಊರಿಗೆ ಹೋದವಳು ಅಲ್ಲೇ ಮದುವೆಯಾದಳು. ತಬಾವ ಮದುವೆಗೆ ಹೋಗಲಿಲ್ಲ. ತಾಯಿ ಕೊಡಬೇಕಾದ ಹೂವಿನ ಚಿತ್ತಾರದ ಬಟ್ಟಲುಗಳನ್ನು ಮಾತ್ರ ಗಂಟು ಕಟ್ಟಿ ಲಾರಿಯಲ್ಲಿ ಕಳಿಸಿದಳು.

ಬಲ್ಕಿಯ ಮೊದಲ ಬಸಿರು ದಿನ ತುಂಬುವ ಮೊದಲೇ ಹೋಯಿತು. ಎರಡನೆಯದು ಹುಟ್ಟಿ, ಹೆಸರಿಡುವ ದಿನ ಬರುವ ಮೊದಲು ಹೋಯಿತು. ಕರೆದು ಅಳಲು ಒಂದು ಹೆಸರೂ ಇರಲಿಲ್ಲ. ಎರಡು ಸುದ್ದಿಯೂ ಸಂತೆಗೆ ಬಂದವು, ಲಾರೆಯ ಬಾಯಿಂದಲೇ ಬಂದವು. ಎರಡನೆಯ ಸಲ ತಬಾವ ಬುತ್ತಿ ಕಟ್ಟಿಕೊಂಡು ಲಾರಿ ನಿಲ್ಲುವಲ್ಲಿಗೆ ಹೋಗಿ ನಿಂತಿದ್ದಳು. ಲಾರಿ ಬಂತು, ಹೋಯಿತು. ಯಾವ ಮುಖ ಹೊತ್ತು ಹೋಗುವುದು? ಮನೆಗೆ ಬಂದು ಬುತ್ತಿ ಬಿಚ್ಚಿದಳು. ತಿನ್ನಲು ಆಗಲಿಲ್ಲ, ಆಡಿಗೆ ಹಾಕಿದಳು.

ಈಗ ಸಾಲು ಕರಗುತ್ತಿತ್ತು. ತಬಾವ ಲಾರೆಯ ಕಡೆ ವಾಲಿದಳು.

"ಆಕಿದನ್ನ ನೀ ಅಳದು ಕಳಸು. ನಿನ್ನ ಕಾಲ ಬೀಳ್ತೀನಿ."

"ನಾ ಕರದ್ರ ಬಂದಾಳಾ ಆಕಿ?" ಎಂದರೂ ಲಾರೆ ಕೈ ಬೀಸಿ ಕರೆದಳು. "ಬಾರವ್ವಾ, ಇಲ್ಲಿ ಬಾ. ಬಸುರಿ ಹೆಂಗಸು ಎಷ್ಟೊತ್ತಂತ ನಿಲ್ತಿ. ನನ್ನ ಕಡೆ ಯಾರೂ ಇಲ್ಲ."

"ಇರ್ಲಿ ಚಿಗವ್ವ," ಎಂದಳು ಬಲ್ಕಿ. "ನನಗ ಇವರ ಕೈಯಾಗಿನ ಅಳತಿನ ಬೇಕು."

ಅವಳ ಸರದಿ ಬಂತು. ಅವಳು ಚೀಲವನ್ನು ಎಳೆದುಕೊಂಡು ಮುಂದೆ ಬಂದಳು, ಒಂದು ಕೈ ನೆಲಕ್ಕೂರಿ ನಿಧಾನ ಕೂತಳು. ಹತ್ತಿರದಿಂದ ನೋಡಿದರೆ ಕತ್ತಿನಲ್ಲಿ, ತೋಳಿನಲ್ಲಿ, ಸೊಂಟದಲ್ಲಿ ತಾಯತಗಳು. ತಾಯಿ ಮಗಳ ಮುಖ ನೋಡಲಿಲ್ಲ, ಮಗಳು ತಾಯಿಯ ಮುಖ ನೋಡಲಿಲ್ಲ; ಇಬ್ಬರೂ ಚೀಲವನ್ನು ನೋಡುತ್ತಿದ್ದರು.

"ಆರಾಮ ಅದೀಯಾ?" ಎಂದು ತಬಾವ ಕೇಳಿದಳು, ಗಿರಾಕಿಯನ್ನು ಕೇಳಿದ ಹಾಗೆ.

"ಆರಾಮ ಅದೀನಿ."

"ಮನ್ಯಾಗ ಎಲ್ಲಾರೂ?"

"ಎಲ್ಲಾರೂ ಆರಾಮ." ಬಲ್ಕಿ ಚೀಲದ ಬಾಯಿಯ ಹುರಿ ಬಿಚ್ಚಿದಳು. "ಇದು ನಮ್ಮ ಹೊಲದ ಸಜ್ಜಿ. ಮಾರೂದಲ್ಲ. ಹೆಸರಿಡೂ ದಿನಕ್ಕಂತ ತಗದಿಟ್ಟದ್ದು. ಅಳದು ಕೊಡು."

"ಮನ್ಯಾಗಿನ ಕಾಳು ಅಳಸಾಕ ಇಲ್ಲೀತನಕ ಬಂದೇನ? ಈ ಬಿಸಿಲಾಗ? ಈ ಹೊಟ್ಟಿ ಹೊತಗೊಂಡು?"

"ಬಂದೀನಿ."

ಬಲ್ಕಿ ದನಿ ತಗ್ಗಿಸಿ ಹೇಳಿದಳು. "ನೋಡು, ನನಗ ನೀರು ಮಂತ್ರಿಸಿ ಕೊಡೂದು ಬ್ಯಾಡ, ತಾಯತ ಬ್ಯಾಡ. ಮೈ ತುಂಬ ಅದಾವ, ರಾತ್ರಿ ಹೊಳ್ಳಿ ಮಲಗಾಕ ಬರೂದಿಲ್ಲ. ಅವತ್ತಿನ ಮಾತೂ ಬ್ಯಾಡ. ಬಟ್ಟಲದ ಸುದ್ದಿ ನಾ ಎತ್ತೂದಿಲ್ಲ, ಆಣಿ ಮಾಡ್ತೀನಿ. ಮೊದಲನೇ ಬಟ್ಟಲಕ್ಕ ಎಲ್ಲಾರಿಗೂ ಏನಂತಿಯೋ ಅದನ್ನ ಅನ್ನು, ಸುರಿ. ಅಷ್ಟ. ಹೋಗಿಬಿಡ್ತೀನಿ."

"ಯಾರು ಹೇಳಿದ್ರು ನಿನಗ ಹಿಂಗ ಮಾಡಂತ?"

"ಯಾರೂ ಹೇಳಿಲ್ಲ. ಎರಡು ಹುಗದೀನಿ, ಯಾರು ಹೇಳಬೇಕು?" ಬಲ್ಕಿ ಚೀಲವನ್ನು ಮುಂದಕ್ಕೆ ತಳ್ಳಿದಳು. "ಎಲ್ಲಾರಿಗೂ ಅಂತೀ. ದಾರ್ಯಾಗ ಹೋಗೂ ಮಂದಿಗೆಲ್ಲಾ ಅಂತೀ. ನನಗೊಮ್ಮೆ ಅಂದ್ರ ನಿಂದೇನು ಖರ್ಚಾಗ್ತದ?"

ಅಯ್ಯೋ, ಇಷ್ಟೇ ತಾನೆ ಕೇಳಿದ್ದು. ತಬಾವ ಚೀಲವನ್ನು ಎತ್ತಿ ತನ್ನ ಚಾಪೆಯ ಮೇಲೆ ಬೇರೆಯಾಗಿ ಸುರಿದಳು. ಒಳ್ಳೆಯ ಕಾಳು, ದಪ್ಪ ಕಾಳು, ಕಲ್ಲಿಲ್ಲ ಹೊಟ್ಟಿಲ್ಲ; ಕೂತು ಆರಿಸಿದ್ದು ಗೊತ್ತಾಗುತ್ತಿತ್ತು. ಬಟ್ಟಲು ತೆಗೆದುಕೊಂಡು ಅದ್ದಿದಳು. ಬಲ್ಕಿ ಬರಿದಾದ ಚೀಲದ ಬಾಯನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದಳು. ಕಾಳು ಅಂಚಿಗೆ ಬಂತು, ಬೇಗ ಬಂತು. ಗೋಪುರ ಎದ್ದಿತು, ಬೇಗ ಎದ್ದಿತು. ತಬಾವ ಬಟ್ಟಲೆತ್ತಿ ಚೀಲದ ಬಾಯಿಗೆ ತಂದಳು. ಬಾಯಿ ತೆರೆದಳು.

ಮಾತು ಬರಲಿಲ್ಲ.

ಈ ಬಟ್ಟಲ ಮೇಲೆ ತಾನು ಆಡುತ್ತ ಬಂದ ಆ ಮಾತಿನ ಬೆಲೆ ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ದಿನವಿಡೀ ಆಡಿದ್ದಳು. ಮುದುಕಿಯರಿಗೆ, ಬಾಣಂತಿಯರಿಗೆ, ಮಗಳ ಮದುವೆಗೆಂದು ಕೊಳ್ಳುವವರಿಗೆ ಆಡಿದ್ದಳು. ಮೇಲೆ ಗೋಪುರ, ತಳದಲ್ಲಿ ಮೋಸ. ದಾರಿಹೋಕರ ಚೀಲಕ್ಕೆ ಅದು ಸಾಕಾಗಿತ್ತು. ಆ ನೀಲಿ ಬಟ್ಟೆಯ ಹಿಂದೆ ಇರುವುದಕ್ಕೆ ಇದನ್ನೇ ಸುರಿಯುವುದೇ? ಅವಳು ಬಟ್ಟಲನ್ನು ಮತ್ತೆ ಚಾಪೆಯ ಮೇಲಿನ ಕಾಳಿಗೇ ಸುರಿದುಬಿಟ್ಟಳು.

ಬಲ್ಕಿಯ ಮುಖ ಬೂದಿಯಾಯಿತು. "ಅನ್ನೂದಿಲ್ಲಾ?" ಎಂದಳು. "ಈಗೂ ಅನ್ನೂದಿಲ್ಲಾ?"

"ತಡಿ," ಎಂದಳು ತಬಾವ. "ಸ್ವಲ್ಪ ತಡಿ."

"ಏನಾತು?" ಗಂಬೊ ಬಾಗಿಲಿಗೆ ಬಂದಿದ್ದ. ಬಿಳಿ ನಿಲುವಂಗಿ, ಕೈಯಲ್ಲಿ ಜಪಮಾಲೆ, ನಗುಮುಖ. ಬಲ್ಕಿಯನ್ನು ಗುರುತಿಸಿದ, ನಗು ಹಾಗೇ ಇತ್ತು. "ಓಹೋ, ಹುಡುಗಿ ಬಂದಾಳೇನು! ಅಲ್ಲಾನ ದಯಾ. ತಬಾವ, ನಮ್ಮ ಗುಡ್ಡ್ಯಾಗಿಂದ ಒಂದು ಬಟ್ಟಲು ಹೆಚ್ಚಿಗೆ ಹಾಕು ಆಕಿಗೆ, ನನ್ನ ಹೆಸರಲೆ. ಬಸುರಿ ಹೆಂಗಸು, ಬರಿಗೈಲೆ ಹೋಗಬಾರದು."

ಸಾಲಿನಲ್ಲಿದ್ದವರು "ಅಲ್ಬರ್ಕಾ, ಅಲ್ಹಾಜಿ, ಅಲ್ಬರ್ಕಾ!" ಎಂದು ಅವನನ್ನು ಹರಸಿದರು.

ಅದನ್ನು ಕೇಳಿ ತಬಾವ ಎದ್ದಳು. ನೆರಳಿನ ಅಂಚಿನಲ್ಲಿ ಫುರಾ ಮಾರುವವಳು ಒರಳು ಒನಕೆ ಇಟ್ಟುಕೊಂಡು ಕೂತಿದ್ದಳು. ತಬಾವ ಕೇಳದೆ ಆ ಒನಕೆ ತೆಗೆದುಕೊಂಡಳು. "ಏ, ಏನ ಬೇ ಇದು?" ಎಂದು ಅವಳು ಕೂಗಿದಳು. ತಬಾವ ಬಟ್ಟಲನ್ನು ಮರಳಿನಲ್ಲಿ ಒತ್ತಿ ಕೂರಿಸಿ, ಎರಡು ಕೈಯಲ್ಲಿ ಒನಕೆ ಎತ್ತಿ, ಒಳಗಿನಿಂದ ತಳಕ್ಕೆ ಕುಟ್ಟಿದಳು. ಒರಳಲ್ಲಿ ಸಜ್ಜೆ ಕುಟ್ಟುವ ಹಾಗೆ ಕುಟ್ಟಿದಳು. ತಗಡು ಕಿರುಚಿತು. ಬಿಳಿ ಬಣ್ಣದ ಚೂರುಗಳು ಸಿಡಿದವು. ಲಾರಿಯ ಮೇಲಿದ್ದವರು ಬಯ್ಯುವುದನ್ನು ನಿಲ್ಲಿಸಿ ಈ ಕಡೆ ತಿರುಗಿದರು.

"ತಬಾವ!" ಎಂದ ಗಂಬೊ.

ಅವಳು ಕುಟ್ಟಿದಳು. ತಳ ಒಮ್ಮೆಲೇ "ಡಬ್" ಎಂದು ಕೆಳಕ್ಕೆ ಇಳಿಯಿತು. ಜನ ಸುತ್ತ ಸೇರಿದರು, ಬಟ್ಟಲೊಳಗೆ ಬಗ್ಗಿ ನೋಡಿದರು. ಗಂಬೊ ಜಾಣ, ಗುಂಪು ಬಾಯಿ ತೆರೆಯುವ ಮೊದಲೇ ನಕ್ಕುಬಿಟ್ಟ. "ಅಯ್ಯ, ಕೈ ಜಾರಿ ಬಿದ್ದು ತಳ ಒಳಗ ಹೋಗಿತ್ತೇನು? ಹೇಳಬಾರದ? ಹೊಸಾದು ತರಸಿ ಕೊಡ್ತಿದ್ನೆಲ್ಲ. ಬಿದ್ದಿತ್ತು, ಹೌದಲ್ಲ?"

ಎಂಥ ಸುಲಭದ ದಾರಿ! ಹೌದು ಎಂದರೆ ಮುಗಿಯಿತು. ನೆರಳು ಉಳಿಯುತ್ತದೆ, ಒಲೆ ಉರಿಯುತ್ತದೆ, ನಾಳೆ ಹೊಸ ಬಟ್ಟಲೂ ಬರುತ್ತದೆ. ತಬಾವ ಒನಕೆಯ ಮೇಲೆ ಭಾರ ಹಾಕಿ ಏದುಸಿರು ಬಿಡುತ್ತ ನಿಂತಳು. ಹೌದು ಎನ್ನಲು ನಾಲಿಗೆ ತಯಾರಾಗಿಯೇ ಇತ್ತು. ಬಲ್ಕಿ ಕೂತಲ್ಲೇ ಕೂತಿದ್ದಳು, ಬರಿಯ ಚೀಲದ ಬಾಯನ್ನು ಇನ್ನೂ ಅಗಲಿಸಿ ಹಿಡಿದೇ ಇದ್ದಳು. ಕೈ ಇಳಿಸುವುದನ್ನೇ ಮರೆತಂತಿತ್ತು.

"ಬಿದ್ದದ್ದಲ್ಲ," ಎಂದಳು ತಬಾವ. ಒನಕೆ ಕೆಳಗಿಟ್ಟು ಮತ್ತೆ ಹೇಳಿದಳು. "ಬಿದ್ದದ್ದಲ್ಲ. ಬೇಕಂತ ತಳ ಬಡಿಸಿದ್ದು. ಕಮ್ಮಾರನಿಂದ ಬಂದ ದಿನಾನ ನನಗ ತಿಳೀತು. ತಿಳದೂ ಅದರಾಗ ನಿಮಗೆಲ್ಲಾ ಅಳದೀನಿ. ಅವತ್ತ ಇಲ್ಲೇ, ಇದ ಜಾಗಾದಾಗ, ನನ್ನ ಮಗಳು ಹೇಳಿದ್ದು ಖರೆ. ನಾ ಆಡಿದ್ದು ಸುಳ್ಳ. ಬಲ್ಕಿ ಹೇಳಿದ್ದು ಖರೆ."

ನನ್ನ ಮಗಳು ಎಂದಿದ್ದಳು. ಹೆಸರು ಹಿಡಿದು ಹೇಳಿದ್ದಳು. ಲಾರೆ ಬಾಯಿಗೆ ಸೆರಗು ಒತ್ತಿಕೊಂಡಳು. ಬೇರೆಯವರಿಗೆ ಅದನ್ನು ಗಮನಿಸುವ ಪುರುಸೊತ್ತಿರಲಿಲ್ಲ.

"ಕಳ್ಳಿ!" ಎಂದು ಒಬ್ಬ ಕೂಗಿದ. "ನಮ್ಮ ಮಕ್ಕಳ ಬಾಯಾಗಿಂದು ಕಸಗೊಂಡ್ಯಲ್ಲ!" ಒಬ್ಬ ಮುದುಕಿ ಮುಂದೆ ಬಂದು ಥೂ ಎಂದು ಚಾಪೆಯ ಮೇಲೆ ಉಗುಳಿದಳು. ಚೀಲ ಕಟ್ಟಿಸಿಕೊಂಡು ಹೊರಟಿದ್ದವರು ತಿರುಗಿ ಬಂದು ಚೀಲಗಳನ್ನು ನೆಲಕ್ಕೆ ಒಗೆದರು. ಎಲ್ಲರ ಬೆರಳೂ ತಬಾವಳ ಕಡೆಗೇ. ತಳ ಬಡಿಸಿದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಗಂಬೊ ಎರಡು ಕೈಯನ್ನೂ ಆಕಾಶಕ್ಕೆ ಎತ್ತಿದ್ದ.

"ನನ್ನ ನೆರಳಾಗ ಕೂತು! ನನ್ನ ಬೆನ್ನ ಹಿಂದ! ಗಂಡಿಲ್ಲದ ಹೆಂಗಸು ಅಂತ ಜಾಗಾ ಕೊಟ್ರ ಇದನ್ನ ಮಾಡೂದಾ? ಏಳು. ಎತ್ತು ನಿನ್ನ ಚಾಪಿ. ಈ ಗಿಡದ ಬುಡಕ ಮತ್ತ ಕಾಲಿಟ್ಟಿ ಅಂದ್ರ ನೋಡು."

ತಬಾವ ಅವನ ಮುಖ ನೋಡಿದಳು. ಹೇಳಬಹುದಿತ್ತು. ಕೋಲಾ ಕಾಯಿಯ ಸಿಪ್ಪೆ, ಚಲೋ ಮಾಡ್ಯಾನಲ್ಲ ಎಂದದ್ದು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಚಲೋ ಮಾಡ್ಯಾನ ಎಂದ ಬಾಯಿ ತನ್ನದೇ. ಅವಳು ಬಗ್ಗಿ ಬಟ್ಟಲೆತ್ತಿಕೊಂಡಳು. ಬಲ್ಕಿಯ ಕಾಳಿನ ಗುಡ್ಡೆ ಚಾಪೆಯ ಮೇಲೇ ಇತ್ತು. ಅದನ್ನು ಚೆಲ್ಲದಂತೆ ಎತ್ತುವುದು ಒಬ್ಬಳಿಂದ ಆಗದ ಕೆಲಸ. ಸುತ್ತ ಇಷ್ಟು ಜನ ನಿಂತಿದ್ದರೂ ಯಾರೂ ಕೈ ಹಾಕಲಿಲ್ಲ. ಲಾರೆ ತನ್ನ ಚಾಪೆಯನ್ನು ಮೆಲ್ಲಗೆ ಅತ್ತ ಎಳೆದುಕೊಂಡಳು. ಪಾಪ, ಅವಳದೂ ಅದೇ ಒಲೆ.

ಬಲ್ಕಿ ಎದ್ದಳು. ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಚಾಪೆಯ ಎರಡು ಮೂಲೆ ಸೇರಿಸಿ ಹಿಡಿದಳು.

"ಭಾರ ಎತ್ತಬ್ಯಾಡ," ಎಂದಳು ತಬಾವ.

"ಹಿಡಿ ಆ ಕಡೆ, ಯವ್ವಾ. ಸುಮ್ಮ ಹಿಡಿ."

ಇಬ್ಬರೂ ಸೇರಿ ಕಾಳು ತುಂಬಿದ ಚಾಪೆಯನ್ನು ನೆಲಕ್ಕೆ ತಾಗಿಸಿ ತಾಗಿಸಿ, ನೆರಳಿನಾಚೆ ಬಿಸಿಲಿಗೆ ತಂದಿಟ್ಟರು. ಜನ ದಾರಿ ಬಿಟ್ಟರು, ಬಯ್ಗುಳ ಬಿಡಲಿಲ್ಲ. ಒಬ್ಬಿಬ್ಬರು ಹಿಂದೆಯೇ ಬಂದು ನಿಂತು ಬಯ್ದರು. ಕತ್ತೆಗಾಡಿಗಳ ಪಕ್ಕ, ಸೆಗಣಿ ಒಣಗಿದ ಜಾಗದಲ್ಲಿ ಬಲ್ಕಿ ಮತ್ತೆ ಕೂತಳು. ಬೆವರು ಅವಳ ಕತ್ತಿನ ತಾಯತಗಳನ್ನು ತೋಯಿಸಿತ್ತು. ಚೀಲದ ಬಾಯಿ ಅಗಲಿಸಿ ಹಿಡಿದಳು.

"ಹೂಂ," ಎಂದಳು. "ಸುರಿ."

ತಬಾವ ಬಟ್ಟಲನ್ನು ಕಾಳಿಗೆ ಅದ್ದಿದಳು. ರೂಢಿಯ ಕೈ ಹಳೆಯ ಜಾಗದಲ್ಲೇ ನಿಂತುಬಿಟ್ಟಿತು. ನೋಡಿದರೆ ಕಾಳು ಇನ್ನೂ ಅಂಚಿಗೆ ಬಂದಿರಲಿಲ್ಲ. ಬೊಗಸೆಯಲ್ಲಿ ತೆಗೆದು ಹಾಕಿದಳು, ಸಾಲಲಿಲ್ಲ. ಮತ್ತೊಂದು ಬೊಗಸೆ ಹಾಕಿದಳು. ಆಮೇಲೆ ಗೋಪುರ ನಿಧಾನ ಏಳತೊಡಗಿತು. ಕೊನೆಯ ಕಾಳುಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಇಟ್ಟಳು. ಬಟ್ಟಲು ಭಾರವಾಗಿತ್ತು, ಎರಡು ಕೈಯಲ್ಲಿ ಎತ್ತಬೇಕಾಯಿತು.

"ಅಲ್ಬರ್ಕಾ," ಎಂದಳು.

"ಕೇಳಲಿಲ್ಲ," ಎಂದಳು ಬಲ್ಕಿ.

"ಅಲ್ಬರ್ಕಾ!"

ಬಯ್ಯುತ್ತಿದ್ದವನೊಬ್ಬ ಅರ್ಧಕ್ಕೆ ಬಾಯಿ ಮುಚ್ಚಿದ. ಕಾಳು ಸುರ್ರೆಂದು ಚೀಲದ ತಳಕ್ಕೆ ಇಳಿಯಿತು. ತಬಾವ ಮತ್ತೆ ಅದ್ದಿದಳು, ಮತ್ತೆ ಬೊಗಸೆ ಬೊಗಸೆ ಹಾಕಿ ತುಂಬಿದಳು, ಗೋಪುರ ನಿಲ್ಲಿಸಿದಳು, ಎತ್ತಿದಳು.

"ಎರಡು," ಎಂದು ಬೇವಿನ ನೆರಳಿನಿಂದ ಲಾರೆ ತನಗರಿವಿಲ್ಲದೆ ಎಣಿಸಿದಳು.

"ಅಲ್ಬರ್ಕಾ," ಎಂದು ತಬಾವ ಸುರಿದಳು. ಮೂರನೆಯದಕ್ಕೂ ಅದನ್ನೇ ಅಂದಳು, ಅದರಾಚೆಯದಕ್ಕೂ ಅದನ್ನೇ ಅಂದಳು. ಬಲ್ಕಿ ಎಣಿಸುತ್ತಿರಲಿಲ್ಲ. ಮುಂದಕ್ಕೆ ಸರಿದು, ಹೊಟ್ಟೆಯನ್ನು ಚೀಲಕ್ಕೆ ಒತ್ತಿ, ಅದರ ಬಾಯನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು.